48 – ಮರೀಬೇಡ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಬೇಕಾದ್ದೆಲ್ಲ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಮೈಕು, ಅದರ ಸ್ಟ್ಯಾಂಡು, ‘ಪ’ ‘ಭ’ ಅಂದಾಗ ನುಗ್ಗುವ ಗಾಳಿ ತಡೆಯುವ ಜಾಲರಿ ಕೂಡ. ಏನು ರೆಕಾರ್ಡ್ ಆಯಿತು ಅಂತ ಬರೆದಿಡುವವರು ಮಾತ್ರ ಸಿಗುವುದಿಲ್ಲ. ನಮ್ಮಲ್ಲಿ ಆ ಗುಮಾಸ್ತಿಕೆ ನನ್ನ ಪಾಲಿಗೆ ಬಂತು. “ನಿನ್ನ ಅಕ್ಷರ ದುಂಡಗಿದೆ, ನೀನೇ ಬರ್ಕೊ” ಅಂತ ಭಾವ ಇನ್ನೂರು ಪುಟದ ನೋಟ್‌ಬುಕ್ ಕೈಗಿಟ್ಟರು. ಹಾಡುವವಳು ಅಕ್ಕ. ಸ್ಟುಡಿಯೊ ಅಂದರೆ ಅವರ ಮನೆಯ ಮಹಡಿ ರೂಮು: ಗೋಡೆಗೆಲ್ಲ ರಜಾಯಿ, ಮೈಕಿನ ಹಿಂದೆ ಬಾಗಿಲು ತೆರೆದಿಟ್ಟ ಸೀರೆ ಬೀರು. ಬಟ್ಟೆ ಪ್ರತಿಧ್ವನಿ ನುಂಗುತ್ತದಂತೆ. ಸೀರೆ ಕೊಳ್ಳಲು ಅಕ್ಕನಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರಾಧಾರ ಬೇಕೆ?

ಹಳೆಯ ಸ್ಟುಡಿಯೊಗಳ ಶಿಸ್ತಿನ ಬಗ್ಗೆ ಭಾವನಿಗೆ ಭಾರಿ ಭಕ್ತಿ. ಟೇಪಿನ ಡಬ್ಬದ ಮೇಲೇ ಹಾಡು, ದಿನಾಂಕ, ಯಾವ ಟೇಕ್ ಇಟ್ಟುಕೊಳ್ಳಬೇಕು, ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡಬೇಕೋ ಹದಿನೈದೋ ಎಲ್ಲ ಬರೆದು ಅಂಟಿಸುತ್ತಿದ್ದರಂತೆ. ಸುರುಳಿಯ ಬಾಲ, ಅಂದರೆ ಹಾಡಿನ ಕೊನೆ, ಹೊರಗಿದೆಯೋ ತಲೆ ಹೊರಗಿದೆಯೋ ಅನ್ನುವುದನ್ನೂ. ಇಷ್ಟೆಲ್ಲ ಉಪದೇಶಿಸಿದ ಭಾವ, ನಾನು ಇಲ್ಲದ ದಿನ ತಾವೇ ಪೆನ್ನು ಹಿಡಿದಾಗ ಬರೆಯುತ್ತಿದ್ದದ್ದು ‘ಮೊನ್ನೆಯ ಹಾಗೇ’ ಅಂತ. ಆ ಪುಟಕ್ಕೆ ತಾರೀಖೇ ಇಲ್ಲ; ಮೊನ್ನೆ ಯಾವಾಗ ಅಂತ ಪಂಚಾಂಗವೂ ಹೇಳಲಾರದು.

ಇನ್ನೊಂದು ಪುಟದಲ್ಲಿ ‘ಶ್ರುತಿ’ಯ ಪಕ್ಕ 3½. ಶ್ರುತಿಯ ಮನೆ ಎಣಿಸುವುದು ಹಾರ್ಮೋನಿಯಂ ಪಟ್ಟಿಗಳಿಂದ: ಬಿಳಿಯವು ಒಂದು, ಎರಡು, ಮೂರು; ನಡುವಿನ ಕಪ್ಪಿಗೆ ‘ವರೆ’. ಹಾರ್ಮೋನಿಯಂ ಮುಟ್ಟಿದವರಿಗೆಲ್ಲ ಗೊತ್ತು, ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಪಟ್ಟಿಯೇ ಇಲ್ಲ. ಮೂರೂವರೆ ಮನೆ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಕ್ಕೀತು, ಶ್ರುತಿಯಲ್ಲಿ ಸಿಗದು. ವಿಚಾರಿಸಿದರೆ ಅದು ಮೃದಂಗದವರು ಬರುವ ಹೊತ್ತು!

ಇಡೀ ಪುಸ್ತಕದಲ್ಲಿ ಅಚ್ಚುಕಟ್ಟಾಗಿರುವುದು ಗಲಾಟೆಯ ಪುಟ ಒಂದೇ. ಕಸದ ಗಾಡಿಯ ಹಾಡು, ಸೊಪ್ಪಿನವಳ ಕೂಗು, ಪಕ್ಕದ ಮನೆಯ ಕುಕ್ಕರು, ಎದುರುಮನೆಯ ನೀರಿನ ಮೋಟರು, ಎಲ್ಲಕ್ಕೂ ವೇಳೆ ಸಮೇತ ಲೆಕ್ಕ ಇದೆ. ಕೋಗಿಲೆಯೊಂದೇ ಟೈಂಟೇಬಲ್ಲಿಗೆ ಒಪ್ಪಲಿಲ್ಲ. ‘ಎರಡನೇ ಚರಣದಲ್ಲಿ ಕೋಗಿಲೆ’ ಅಂತ ನಾನು ಬರೆದಿದ್ದರ ಮುಂದೆ ಅಮ್ಮ ‘ಚೆನ್ನಾಗಿದೆ, ಇರಲಿ’ ಅಂತ ಸೇರಿಸಿದ್ದಾಳೆ.

ಹೌದು, ಅಮ್ಮನೂ ಬರೆಯುತ್ತಾಳೆ. ಪುಸ್ತಕ ಮೆಟ್ಟಿಲ ಹತ್ತಿರ, ಫೋನಿನ ಪಕ್ಕ ಇರುತ್ತದೆ. ದಾರದಲ್ಲಿ ಪೆನ್ನು ಕಟ್ಟಿದೆ. ಬರೆಯದೆ ಇರಲು ಅವಳೇನು ಸನ್ಯಾಸಿಯೆ? ‘ಟೇಕ್ 3: ಪರವಾಗಿಲ್ಲ. ಟೇಕ್ 4: ಹಾಡುವವಳಿಗೆ ಹಸಿವಾಗಿದೆ.’ ಕೇಳಿ ನೋಡಿದರೆ ನಿಜವೇ.

ಒಂದು ದೇವರನಾಮವನ್ನು ಅರ್ಧಕ್ಕೆ ಬಿಟ್ಟು, ತಿಂಗಳುಗಳ ಮೇಲೆ ಹೊಸ ಕಂಪ್ಯೂಟರಿನಲ್ಲಿ ಮುಂದುವರಿಸಲು ಕೂತಾಗ ಸಿಕ್ಕಿದ್ದು ಈ ಸಾಲು: ‘48 – ಮರೀಬೇಡ’. ಭಾವ ಪುಳಕಿತರಾದರು. ಕಂಡೆನ್ಸರ್ ಮೈಕಿಗೆ ಕೊಡುವ ಕರೆಂಟು 48 ವೋಲ್ಟು, ಅದನ್ನು ಯಾರೂ ಮರೆಯುವುದಿಲ್ಲ. ಹಾಗಾದರೆ ಇದು ಸ್ಯಾಂಪಲ್ ರೇಟ್, ಅಂದರೆ ಕಂಪ್ಯೂಟರು ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದಿಡುತ್ತದೆ ಅನ್ನುವ ಲೆಕ್ಕ: 48 ಕಿಲೋಹರ್ಟ್ಸ್, 48 ಸಾವಿರ ಸಲ! ಸೆಟ್ಟಿಂಗನ್ನು 48ಕ್ಕೆ ತಿರುಗಿಸಿ ಹಾಡು ಹಚ್ಚಿದರು.

ಅಕ್ಕನ ಬದಲು ಪ್ರತಿಭಾ ಕಾರಂಜಿಯ ಹುಡುಗಿಯೊಬ್ಬಳು, ಬಸ್ಸು ತಪ್ಪೀತೆಂಬ ಅವಸರದಲ್ಲಿ, ದಾಸರನ್ನು ಎಳೆದುಕೊಂಡು ಓಡಿದಳು. 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮಂಗಳ. ಹಾಡಿದ್ದು ಐದೂವರೆ ಮನೆ ಶ್ರುತಿಗೆ. ಕೇಳಿಸಿದ್ದು ಆರೂ ಅಲ್ಲ, ಆರೂವರೆಯೂ ಅಲ್ಲ, ನಡುವಿನ ಗೋಡೆಯೊಳಗೆ. ಯಾವ ತಂಬೂರವೂ ಜೊತೆಗೆ ಕೂರಲೊಪ್ಪಲಿಲ್ಲ. ಅಕ್ಕ ಮಾತ್ರ “ನನ್ನ ದನಿ ಅವಾಗ ಎಷ್ಟು ಎಳೇದಾಗಿತ್ತು ನೋಡ್ರೀ” ಅಂತ ಹಿಗ್ಗಿದಳು. ಅಸಲಿಗೆ ಹಾಡು ರೆಕಾರ್ಡ್ ಆಗಿದ್ದದ್ದು 44.1 ಕಿಲೋಹರ್ಟ್ಸಿನಲ್ಲಿ; 48ರ ವೇಗದಲ್ಲಿ ಹಚ್ಚಿದರೆ ಓಡದೆ ಇನ್ನೇನು? ಇದನ್ನು ಕಂಡುಹಿಡಿಯಲು ಭಾವನಿಗೆ ಒಂದು ಭಾನುವಾರ ಪೂರ್ತಿ ಹೋಯಿತು.

ಸಂಜೆ ಕಾಫಿ ತಂದ ಅಮ್ಮ ಪುಟ ನೋಡಿ, “ಅಯ್ಯೋ, ಇದು ಹೂವಿನವಳಿಗೆ ಕೊಡಬೇಕಾದ ಬಾಕಿ ಅಲ್ವೇ? ಕೊಟ್ಟೂ ಆಯ್ತು” ಅಂದಳು.

“ಅತ್ತೆ, ನಿಮ್ಮ ಲೆಕ್ಕಕ್ಕೆ ಬೇರೆ ಪುಸ್ತಕ ತಂದ್ಕೊಡ್ತೀನಿ” ಅಂದರು ಭಾವ, ಹಲ್ಲು ಕಚ್ಚಿಕೊಂಡು. ತಂದೂ ಕೊಟ್ಟರು. ಹೊಸ ಪುಸ್ತಕ ಫೋನಿನ ಪಕ್ಕಕ್ಕೆ ಬಂತು, ಹಳೆಯದು ಮಹಡಿ ಹತ್ತಿತು. ಆಮೇಲೊಂದು ರಾತ್ರಿ ಫೋನಿನಲ್ಲಿ ಮಾತಾಡುತ್ತಲೇ ಭಾವ ಕೈಗೆ ಸಿಕ್ಕ ಪುಸ್ತಕದಲ್ಲಿ ‘2 ಡಿಬಿ ಕಮ್ಮಿ’ ಅಂತ ಗೀಚಿದರು. ತಂಬೂರದ ಸದ್ದು ಎರಡು ಡೆಸಿಬೆಲ್ ತಗ್ಗಿಸಬೇಕಿತ್ತು. ಬೆಳಗ್ಗೆ ಅಮ್ಮ ಅದನ್ನು ಕನ್ನಡಕ ಇಲ್ಲದೆ ‘2 ಡಬ್ಬಿ ಕಮ್ಮಿ’ ಅಂತ ಓದಿಕೊಂಡು ದಿನಸಿ ಅಂಗಡಿಯವನಿಗೆ ಫೋನ್ ಹಚ್ಚಿದಳು.

ಅವನು ಪಾಪ, ತಪ್ಪಾಯ್ತಮ್ಮ ಅಂತ ಎರಡು ಡಬ್ಬಿ ತುಪ್ಪ ಕಳಿಸಿದ್ದಾನೆ. ಒಂದು ಆಗಲೇ ಒಡೆದಾಗಿದೆ. ತಂಬೂರ ಇನ್ನೂ ಜೋರಾಗೇ ಇದೆ.