ಪಾಪದ ಹಳಿಗೇಕೆ ಬೈಗುಳ?

ಎಚ್‌ಒ ಅಳತೆಯ ಮಾದರಿ ರೈಲಿನ ಎಂಜಿನ್ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ಹಳಿ ತಪ್ಪಿದರೆ ಸಾಕು, ಅರ ಹಿಡಿದು ಹಳಿ ಉಜ್ಜಲು ಕೂತೇಬಿಡುತ್ತಾರೆ. ಅಯ್ಯೋ, ಮೊದಲು ಗಾಲಿ ಅಳೆಯಿರಿ ಮಾರಾಯ್ರೆ! ಹಳಿಗಳ ಅಂತರ 16.5 ಮಿ.ಮೀ.; ಗಾಲಿಗಳ ಒಳಮೈಗಳ ನಡುವೆ ಸುಮಾರು 14.4 ಇರಬೇಕು. 14ಕ್ಕೆ ಇಳಿಯಿತೋ, ಗಾಲಿಯ ಬೆನ್ನು ಚೆಕ್ ರೈಲಿಗೆ (ಪಾಯಿಂಟ್ಸ್‌ನಲ್ಲಿ ಹಳಿಯ ಒಳಬದಿಗಿರುವ ಕಾವಲು ಹಳಿ) ಸಿಕ್ಕಿ ಮೇಲೇರುತ್ತದೆ.

ಡೀಸೆಲ್ ಎಂಜಿನ್ನಾದರೆ ಗಾಲಿಯನ್ನು ತಿರುಚುತ್ತಾ ಮೆಲ್ಲಗೆ ಹೊರಗೆಳೆಯಬಹುದು. ಸ್ಟೀಮ್ ಎಂಜಿನ್ನಿನ ದೊಡ್ಡ ಗಾಲಿಯನ್ನು ಹಾಗೆ ತಿರುಚಿದರೆ ಎಡ-ಬಲ ಗಾಲಿಗಳ ರಾಡ್ ಪಿನ್ನುಗಳ ನಡುವಿನ 90 ಡಿಗ್ರಿ ಲೆಕ್ಕ ಕೆಟ್ಟು, ಗಾಲಿಗಳನ್ನು ಜೋಡಿಸುವ ರಾಡುಗಳೆಲ್ಲ ಜಾಮ್.

ಸರಿಮಾಡಿದ ಗಾಲಿ ಮತ್ತೆ ಜಾರುತ್ತಿದೆಯೇ? ಆಕ್ಸಲ್ ನಡುವಿನ ಪ್ಲಾಸ್ಟಿಕ್ ಗೇರ್ ನೋಡಿ. ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು, ಭೂತಗನ್ನಡಿಗೇ ಕಾಣೋದು. ಅದಕ್ಕೂ ಗಮ್ಮು ಮೆತ್ತುವ ಮಹಾಶಯರಿದ್ದಾರೆ! ನಿಲ್ಲಲ್ಲ ರೀ, ಹೊಸ ಗೇರೇ ಹಾಕಬೇಕು.