ಸತ್ಯಾಂಶ: ಎಳ್ಳಿನ ಜೊತೆಗಿದ್ದರೂ ಬೆಲ್ಲ ಸಿಹಿಯೇ

ಸಂಕ್ರಾಂತಿ ಹತ್ತಿರವಾದಂತೆ ತುಮಕೂರಿನ ಮನೆಮನೆಯ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ: ‘ಬೆಲ್ಲ ನೈಸರ್ಗಿಕ. ಸಕ್ಕರೆ ಕಾಯಿಲೆಯವರು ಎಳ್ಳು-ಬೆಲ್ಲವನ್ನು ಎಷ್ಟಾದರೂ ತಿನ್ನಬಹುದು.’ ಇದು ಸುಳ್ಳು. ನಂಬಿದ ಹಿರಿಯರಿಗೆ ತೊಂದರೆ ತರುವ ಸುಳ್ಳು.

ಬೆಲ್ಲವೂ ಸಕ್ಕರೆಯೂ ಕಬ್ಬಿನ ಹಾಲಿನಿಂದಲೇ ಆದವು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯಲ್ಲಿರುವ ಅದೇ ಸಿಹಿ. ಉಳಿದದ್ದು ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್, ತೇವಾಂಶ ಮತ್ತು ಖನಿಜಗಳು. 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕಿಲೊಕ್ಯಾಲೊರಿ ಇದ್ದರೆ, ಅಷ್ಟೇ ಸಕ್ಕರೆಯಲ್ಲಿ ಸುಮಾರು 400. ಬೆಲ್ಲದಲ್ಲಿ ಕಬ್ಬಿಣಾಂಶ ಇದೆ, ನಿಜ. ಆದರೆ ದೇಹಕ್ಕೆ ಸಾಲುವಷ್ಟು ಸಿಗಬೇಕಾದರೆ ತಿನ್ನಬೇಕಾದ ಬೆಲ್ಲವೇ ಅತಿಯಾಗುತ್ತದೆ. ಅದಕ್ಕೆ ಸೊಪ್ಪು, ಕಾಳುಗಳೇ ಮೇಲು.

ಎಳ್ಳು, ಪಾವಗಡದ ಕಡೆಯ ಕಡಲೆಕಾಯಿ ಬೀಜ, ತಿಪಟೂರಿನ ಕೊಬ್ಬರಿ ಇವುಗಳಲ್ಲಿರುವ ಕೊಬ್ಬು, ಪ್ರೋಟೀನ್ ಮತ್ತು ನಾರಿನಿಂದ ಸಿಹಿ ರಕ್ತಕ್ಕೆ ಸೇರುವುದು ತುಸು ನಿಧಾನವಾಗುತ್ತದೆ. ನಿಧಾನವಾಗುತ್ತದೆ ಅಷ್ಟೇ, ಇಲ್ಲವಾಗುವುದಿಲ್ಲ.

ಹಾಗೆಂದು ಎಳ್ಳು ಬೀರಲು ಬಂದ ಮಗು ಅಜ್ಜಿಯನ್ನು ಬಿಟ್ಟು ಮುಂದೆ ಹೋಗಬೇಕಿಲ್ಲ, ಅದು ನನಗೂ ಸಹಿಸದು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಹುರಿಗಡಲೆಯಷ್ಟು ಸಣ್ಣಗೆ ಕತ್ತರಿಸಿ, ಬಿಸಿಲಿಗೆ ಹರವಿ, ಒಂದಕ್ಕೊಂದು ಅಂಟದಂತಾದ ಮೇಲೆ ಬೆರೆಸುತ್ತೇವಲ್ಲ, ಆಗಲೇ ಅವರ ಪಾಲಿನದನ್ನು ಬೇರೆ ತೆಗೆದಿಡಿ. ಅದರಲ್ಲಿ ಬೆಲ್ಲ ಕಡಿಮೆ, ಎಳ್ಳು ಮತ್ತು ಹುರಿಗಡಲೆ ಹೆಚ್ಚಿರಲಿ. ಸಕ್ಕರೆ ಅಚ್ಚು ಮೊಮ್ಮಕ್ಕಳಿಗಿರಲಿ. ಅದೇ ದಿನದ ಸಿಹಿ ಪೊಂಗಲ್ಲನ್ನೂ, ಕಬ್ಬಿನ ಜಲ್ಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಬ್ಬವೆಂದು ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ತಾವಾಗಿಯೇ ಬದಲಿಸದೆ ವೈದ್ಯರನ್ನು ಮೊದಲೇ ಕೇಳಿ.