ಕೈ ಬಿಟ್ಟರೆ ಉಬ್ಬುವ ಬ್ರೆಡ್ಡು

ಚಪಾತಿ ಹಿಟ್ಟು ನಾದಿ ಪಳಗಿದ ಕೈಗೆ ಹಿಟ್ಟು ಕಂಡರೆ ಸುಮ್ನೆ ಇರಲು ಆಗುವುದಿಲ್ಲ. ಅಂಗೈಯಲ್ಲಿ ಒತ್ತಬೇಕು, ಮಡಚಬೇಕು, ತಿರುಗಿಸಿ ಇನ್ನೊಮ್ಮೆ ಒತ್ತಬೇಕು. ಸರಿಯಾಗಿ ನಾದದಿದ್ದರೆ ಚಪಾತಿ ಹಪ್ಪಳವಾಗುತ್ತೆ ಅಂತ ಹೇಳದ ಮನೆ ನಮ್ಮಲ್ಲಿ ಉಂಟೇ? ಅಂಥ ಕೈ ಹೊತ್ತುಕೊಂಡು ಐರ್ಲೆಂಡಿಗೆ ಬಂದವರಿಗೆ ಈಸ್ಟ್ ಬದಲು ಅಡುಗೆ ಸೋಡಾದಿಂದ ಉಬ್ಬಿಸುವ ಇಲ್ಲಿನ ಸೋಡಾ ಬ್ರೆಡ್ಡು ಮಾಡುವ ಮೊದಲ ಷರತ್ತೇ ವಿಚಿತ್ರ. ನಾದಕೂಡದು. ಜಾಸ್ತಿ ಮುಟ್ಟಲೂ ಕೂಡದು.

ನಾನು ಇದನ್ನು ನೋಡಿ ಕಲಿತದ್ದು ಇಲ್ಲಿನ ಕಾರ್ಕ್ ನಗರದಲ್ಲಿ, ಪಕ್ಕದ ಮನೆಯ ಅಜ್ಜಿಯಿಂದ. ಅವರು ತಕ್ಕಡಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಗಲವಾದ ಬೋಗುಣಿಗೆ ಹಿಟ್ಟು ಸುರಿದು, ನಡುವೆ ಗುಣಿ ಮಾಡಿ, ಮಜ್ಜಿಗೆಯನ್ನು ಹೆಚ್ಚುಕಡಿಮೆ ಒಂದೇ ಸಲಕ್ಕೆ ಹೊಯ್ಯುತ್ತಾರೆ. ಆಮೇಲೆ ಒಂದೇ ಕೈ. ಬೆರಳುಗಳನ್ನು ಬಿಗಿಯಾಗಿ ಅಗಲಿಸಿ ನಡುವಿನಿಂದ ಅಂಚಿನ ಕಡೆಗೆ ಸುತ್ತ ತಿರುಗಿಸುತ್ತಾರೆ. ನಾಲ್ಕಾರು ಸುತ್ತಿಗೆ ಹಿಟ್ಟು ಒಂದಾಗುತ್ತದೆ, ಕೈ ಹೊರಗೆ ಬರುತ್ತದೆ. ನೋಡುತ್ತಾ ನಿಂತ ನನಗೆ ಅದು ಅರ್ಧಕ್ಕೇ ಬಿಟ್ಟ ಕೆಲಸದಂತೆ ಕಂಡಿತು. “ಇನ್ನೂ ಸ್ವಲ್ಪ ನಯ ಆಗಬೇಕಲ್ವಾ?” ಅಂದೆ. “ನಯ ಯಾಕೆ? ಅದೇನು ಮದುವೆಗೆ ಹೊರಟಿದೆಯಾ?” ಅಂದರು.

ಅಜ್ಜಿಯ ಅವಸರಕ್ಕೆ ಕಾರಣವಿದೆ. ಈಸ್ಟ್ ಹಾಕಿದ ಹಿಟ್ಟು ಗಂಟೆಗಟ್ಟಲೆ ಕೂತು ನಿಧಾನವಾಗಿ ಗಾಳಿ ತುಂಬಿಕೊಳ್ಳುತ್ತದೆ. ಆ ಗಾಳಿ ಹಿಡಿದಿಡಲು ಹಿಟ್ಟಿನಲ್ಲಿ ಎಳೆಗಟ್ಟುವ ಗ್ಲುಟೆನ್ ಎಂಬ ಪ್ರೋಟೀನ್ ಬೇಕು, ಅದಕ್ಕೇ ಅಷ್ಟೊಂದು ನಾದುವುದು. ಸೋಡಾ ಹಾಗಲ್ಲ. ಮಜ್ಜಿಗೆಯ ಹುಳಿ ತಾಗಿದ ಕ್ಷಣವೇ ಗುಳ್ಳೆ ಬಿಡಲು ಶುರು. ನೀವು ನಾದುತ್ತಾ ನಿಂತರೆ ಗಾಳಿ ಅಡುಗೆಮನೆಯ ಪಾಲು, ಬ್ರೆಡ್ಡು ಗಟ್ಟಿ. ಒಲೆ ಮೊದಲೇ ಕಾದಿರಬೇಕು, ಕಲೆಸಿದ್ದು ತಕ್ಷಣ ಒಳಗೆ ಹೋಗಬೇಕು.

ಈ ರುಚಿ ನಮಗೆ ಹೊಸದೇನಲ್ಲ. ಮಂಗಳೂರು ಬನ್ಸ್ ಮಾಡುವವರು ಹುಳಿ ಮೊಸರಿಗೆ ಚಿಟಿಕೆ ಸೋಡಾ ಹಾಕುವುದು ಇದೇ ಲೆಕ್ಕದಲ್ಲಿ. ಸೋಡಾ ಜಾಸ್ತಿಯಾದರೆ ಬರುವ ಸಾಬೂನಿನ ವಾಸನೆಯೂ ಎರಡು ಕಡೆ ಒಂದೇ!

ಹಾಗಾದರೆ ಐರಿಷ್ ಜನ ಈಸ್ಟ್ ಬಿಟ್ಟು ಸೋಡಾ ಹಿಡಿದದ್ದು ಯಾಕೆ? ಇಲ್ಲಿನ ಮಳೆಯನ್ನು ಕೇಳಬೇಕು. ಒದ್ದೆ ಹವೆಯಲ್ಲಿ, ಅಪರೂಪದ ಬಿಸಿಲಿನಲ್ಲಿ ಬೆಳೆದ ಗೋಧಿ ಮೆತ್ತಗಿರುತ್ತದೆ, ಅದರಲ್ಲಿ ಪ್ರೋಟೀನ್ ಕಡಿಮೆ. ಎಷ್ಟು ನಾದಿದರೂ ಎಳೆ ಸರಿಯಾಗಿ ಕಟ್ಟುವುದಿಲ್ಲ. 1830ರ ದಶಕದ ಹೊತ್ತಿಗೆ ಅಡುಗೆ ಸೋಡಾ ಬಂದದ್ದೇ ತಡ, ಈ ಬಡಪಾಯಿ ಗೋಧಿಗೆ ತಕ್ಕ ಜೋಡಿ ಸಿಕ್ಕಿತು. ಮಜ್ಜಿಗೆಗಂತೂ ಬರವಿರಲಿಲ್ಲ. ಕಾರ್ಕ್ ಆಗ ಬೆಣ್ಣೆಯ ಊರು. 1770ರಲ್ಲಿ ಶುರುವಾದ ಇಲ್ಲಿನ ಬೆಣ್ಣೆ ಪೇಟೆ 19ನೇ ಶತಮಾನದಲ್ಲಿ ಲೋಕದ ದೊಡ್ಡ ಬೆಣ್ಣೆ ಮಾರುಕಟ್ಟೆಗಳಲ್ಲಿ ಒಂದು. ಬೆಣ್ಣೆ ಪೀಪಾಯಿ ತುಂಬಿ ಹಡಗು ಹತ್ತಿತು, ಕಡೆದು ಉಳಿದ ಮಜ್ಜಿಗೆ ರೈತರ ಮನೆಯಲ್ಲೇ ಉಳಿಯಿತು. ಎಷ್ಟೋ ಮನೆಗಳಲ್ಲಿ ಓವನ್ ಇರಲಿಲ್ಲ. ಬ್ಯಾಸ್ಟಿಬಲ್ ಎಂಬ ಮೂರು ಕಾಲಿನ ಎರಕದ ಪಾತ್ರೆಯಲ್ಲಿ ಹಿಟ್ಟಿಟ್ಟು, ಒಲೆಯ ಬೆಂಕಿಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಆ ಕೆಂಡ ಸೌದೆಯದಲ್ಲ. ಜೌಗು ನೆಲದಿಂದ ಇಟ್ಟಿಗೆಯ ಆಕಾರಕ್ಕೆ ಕಡಿದು ಒಣಗಿಸಿದ ಟರ್ಫ್‌ನದು.

ನಾನು ಈ ಬ್ರೆಡ್ಡಿಗೆ ಓಟ್ಸನ್ನೂ ಸೇರಿಸುತ್ತೇನೆ, ಇನ್ನು ಅದರ ಮಾತಿಗೆ ಬರೋಣ. ನಮ್ಮ ಕಡೆ ಓಟ್ಸ್ ಮನೆಯೊಳಗೆ ಬಂದದ್ದು ಬಿಪಿ, ಶುಗರ್ ಜೊತೆಗೆ. ಡಾಕ್ಟರು ಹೇಳಿದರು ಅಂತ ತಿನ್ನುವವರೇ ಹೆಚ್ಚು, ಮುಖವೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಇಲ್ಲಿ ಅದು ನೆಲದ ಬೆಳೆ. ತಂಪು, ತೇವ ಎರಡೂ ಅದಕ್ಕೆ ಇಷ್ಟ. ವಾಟರ್‌ಫರ್ಡ್ ಕೌಂಟಿಯ ಕಿಲ್ಮಕ್‌ಥಾಮಸ್ ಎಂಬ ಪುಟ್ಟ ಊರಿನಲ್ಲಿ ಫ್ಲಾಹವಾನ್ ಮನೆತನದವರ ಓಟ್ಸ್ ಗಿರಣಿ ಇದೆ. 1785ರಿಂದ ಅಂತ ಪೊಟ್ಟಣದ ಮೇಲೇ ಬರೆದುಕೊಂಡಿದ್ದಾರೆ. ಬ್ರೆಡ್ಡಿಗೆ ಓಟ್ಸ್ ಸೇರಿಸಿದರೆ ಅದು ತೇವ ಹಿಡಿದಿಡುತ್ತದೆ, ಅಗಿಯಲು ಏನೋ ಸಿಕ್ಕಿದಂತಿರುತ್ತದೆ, ಹುರಿದ ಕಾಳಿನಂಥ ಒಂದು ಘಮ ಬರುತ್ತದೆ. ಬರೀ ಮೈದಾದ ಸೋಡಾ ಬ್ರೆಡ್ಡು ನನಗೆ ಸಪ್ಪೆ. ಬಿಳಿಯದೇ ಅಸಲಿ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ತಿನ್ನಲೂ ಹೋಗುವುದಿಲ್ಲ.

ನನ್ನ ಅಳತೆ ಇಷ್ಟು. ತರಿತರಿಯಾದ ಗೋಧಿ ಹಿಟ್ಟು 250 ಗ್ರಾಂ, ಮೈದಾ 100 ಗ್ರಾಂ, ಓಟ್ಸ್ 100 ಗ್ರಾಂ, ಒಂದೊಂದು ಟೀ ಚಮಚ ಸೋಡಾ ಮತ್ತು ಉಪ್ಪು, ಮಜ್ಜಿಗೆ ಸುಮಾರು 400 ಮಿಲಿ. ಓಟ್ಸನ್ನು ಕಾಲು ಗಂಟೆ ಮಜ್ಜಿಗೆಯಲ್ಲಿ ನೆನೆಸಿಡುತ್ತೇನೆ. ಸೋಡಾವನ್ನು ಅಂಗೈಯಲ್ಲಿ ಉಜ್ಜಿ ಗಂಟು ಒಡೆದೇ ಹಾಕಬೇಕು, ಇಲ್ಲದಿದ್ದರೆ ಕಂದು ಚುಕ್ಕೆ ಬಂದು ಅಲ್ಲಲ್ಲಿ ಬಾಯಿ ಕಹಿ. 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಮೊಟ್ಟೆ ಇಲ್ಲ, ಈಸ್ಟ್ ಇಲ್ಲ, ಹಾಗಾಗಿ ಊರಿಂದ ಬಂದ ಮಡಿವಂತ ನೆಂಟರಿಗೂ ಧೈರ್ಯವಾಗಿ ಕೊಡಬಹುದು.

ಬೆಂಗಳೂರಿನಲ್ಲಿ ಮಾಡಿ ನೋಡುವವರಿಗೆ ಒಂದು ಮಾತು. ಮಜ್ಜಿಗೆ ಪ್ಯಾಕೆಟ್ ಒಡೆದು ಸುರಿಯಬೇಡಿ. ಶುಂಠಿ, ಹಸಿಮೆಣಸು, ಕೊತ್ತಂಬರಿ ಎಲ್ಲ ಬ್ರೆಡ್ಡಿಗೆ ಹೋಗುತ್ತವೆ. ಸ್ವಲ್ಪ ಹುಳಿ ಬಂದ ಮೊಸರಿಗೆ ಕಾಲು ಭಾಗ ನೀರು ಹಾಕಿ ಕಡೆದರೆ ಸಾಕು. ನಮ್ಮ ಗಿರಣಿಯ ಗೋಧಿ ಹಿಟ್ಟು ನುಣ್ಣಗಿರುವುದರಿಂದ ನೀರು ಜಾಸ್ತಿ ಕುಡಿಯುತ್ತದೆ, ಮಜ್ಜಿಗೆ ತುಸು ಮುಂದಾಗಿಯೇ ಇರಲಿ. ಹಿಟ್ಟು ಕೈಗೆ ಅಂಟುತ್ತದೆ. ಅಂಟಲಿ.

ಒಲೆಗೆ ಹೋಗುವ ಮುನ್ನ ಮೇಲೆ ಆಳವಾಗಿ ಒಂದು ಶಿಲುಬೆ ಗೀರುತ್ತಾರೆ. ದಪ್ಪ ಉಂಡೆಯ ನಡುವಿಗೂ ಶಾಖ ಹೋಗಲಿ ಎಂಬುದು ಒಂದು ಕಾರಣ. ದೇವರ ಹೆಸರು ಇನ್ನೊಂದು. ನಾಲ್ಕು ಪಾಲು ಮುರಿಯಲು ಅನುಕೂಲ ಎಂಬುದೂ ಇದೆ. ಇದೆಲ್ಲ ಆದ ಮೇಲೆ ಅಜ್ಜಿ ನಾಲ್ಕೂ ಭಾಗಕ್ಕೆ ಚಾಕುವಿನ ತುದಿ ಚುಚ್ಚುತ್ತಾರೆ. ಅದು ಕಿನ್ನರಿಗಳು ಹೊರಗೆ ಹೋಗಲಿಕ್ಕೆ. ಒಳಗೇ ಸಿಕ್ಕಿಕೊಂಡರೆ ಬ್ರೆಡ್ಡು ಕೆಡಿಸುತ್ತವಂತೆ. “ನೀವು ನಂಬ್ತೀರಾ?” ಅಂದರೆ, “ನಂಬೋದಿಲ್ಲ, ಆದರೆ ಚುಚ್ಚೋಕೆ ಎಷ್ಟು ಹೊತ್ತು?” ಅನ್ನುತ್ತಾರೆ. ದೃಷ್ಟಿ ತೆಗೆಯುವ ನಮ್ಮವರಿಗೆ ಈ ತರ್ಕ ಬೇಗ ಅರ್ಥವಾಗುತ್ತದೆ.

ಒಣದ್ರಾಕ್ಷಿ ವಿಷಯಕ್ಕೆ ಬಂದರೆ ಮಾತ್ರ ಅಜ್ಜಿ ಗಂಭೀರ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಅಮೆರಿಕದಲ್ಲಿ ಮಾಡುವ ಸೋಡಾ ಬ್ರೆಡ್ಡಿಗೆ ಸಕ್ಕರೆ, ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ ಎಲ್ಲ ಬೀಳುತ್ತವೆ. ಅದೇ ಅಮೆರಿಕದಲ್ಲಿ ಐರಿಷ್ ಸೋಡಾ ಬ್ರೆಡ್ ಸಂರಕ್ಷಣೆಗೆಂದೇ ಒಂದು ಸಂಘವೂ ಇದೆ. ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆ ಬಿಟ್ಟು ಬೇರೇನಾದರೂ ಹಾಕಿದರೆ ಅದನ್ನು ಕೇಕ್ ಅನ್ನಿ ಎಂಬುದು ಅವರ ವಾದ. ಬಿಸಿಬೇಳೆಬಾತಿಗೆ ಬಟಾಣಿ ಹಾಕಬಹುದೇ ಎಂದು ಜಗಳ ಆಡಿ ಬಂದ ನನಗೆ ಈ ಸಂಘದ ಮೇಲೆ ಪ್ರೀತಿ ಹುಟ್ಟಿತು. ಅವರ ಲೆಕ್ಕದಲ್ಲಿ ನನ್ನ ಓಟ್ಸ್ ಯಾವ ಕಡೆಗೋ, ಕೇಳಲು ಹೋಗಿಲ್ಲ. ಐರ್ಲೆಂಡಿನಲ್ಲೂ ಒಣದ್ರಾಕ್ಷಿ ಹಾಕುವ ಮನೆಗಳು ಬೇಕಾದಷ್ಟಿವೆ. ಇದನ್ನು ಅಜ್ಜಿಯ ಮುಂದೆ ಹೇಳುವುದಿಲ್ಲ.

ಬೆಂದಿದೆಯೋ ಇಲ್ಲವೋ ನೋಡಲು ತಳಕ್ಕೆ ಬೆರಳಿನಿಂದ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಆಯಿತು. ಬಟ್ಟೆಯಲ್ಲಿ ಸುತ್ತಿಟ್ಟರೆ ಹಬೆ ಒಳಗೇ ನಿಂತು ಮೇಲ್ಮೈ ಮೆತ್ತಗಾಗುತ್ತದೆ. ಇಲ್ಲೂ ಕೈ ಬಿಗಿಹಿಡಿಯಬೇಕು, ಬಿಸಿಯಲ್ಲೇ ಕತ್ತರಿಸಿದರೆ ಒಳಗೆ ಮುದ್ದೆ ಮುದ್ದೆ. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆ ಯಾರಿಗೂ ಇಲ್ಲ. ಮುದ್ದೆಯಾದರೂ ಸರಿ, ಮೇಲಿಟ್ಟ ಬೆಣ್ಣೆ ಕರಗಿ ಇಳಿಯಬೇಕು.

ಈ ಬ್ರೆಡ್ಡಿಗೆ ಒಂದೇ ದಿನದ ಆಯುಸ್ಸು. ಮಾರನೆಯ ದಿನ ಒಣಗುತ್ತದೆ, ಆಗ ಟೋಸ್ಟ್ ಮಾಡಿ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸುತ್ತೇನೆ. ಒಂದು ಬೆಳಿಗ್ಗೆ ಹಾಗೇ ಅಜ್ಜಿಗೂ ಒಂದು ತುಂಡು ಕೊಟ್ಟೆ. ಪುಡಿಯನ್ನು ಮೂಸಿ ನೋಡಿದರು, ಕಚ್ಚಿದರು, ಕಣ್ಣಲ್ಲಿ ನೀರು ಬಂತು. ಚಹಾ ಕುಡಿದು ಸುಧಾರಿಸಿಕೊಂಡು ಹೇಳಿದರು: “ಪರವಾಗಿಲ್ಲ. ದ್ರಾಕ್ಷಿ ಹಾಕಿಲ್ಲವಲ್ಲ.”